ಮೊಮ್ಮಗಳ ಎದೆಗೆ ಕಟ್ಟಿದ ಮಿಷನ್ನು

ಟೇಲರಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದೆಲ್ಲ ಬೇರೆಯವರ ಸಲುವಾಗಿ. ಗಂಡನ ಕಾಲದಲ್ಲಿ ಹತ್ತಿದ್ದಳು, ಲಿಫ್ಟು ರಿಪೇರಿ ಮಾಡುವ ಮಗ ಅದರ ಬಾಗಿಲಿಗೆ ಬೆರಳು ಕೊಟ್ಟುಕೊಂಡಾಗ ಹತ್ತಿದ್ದಳು, ಮೊಮ್ಮಗಳು ಹುಟ್ಟಿದ ಮೇಲಂತೂ ಲೆಕ್ಕವೇ ಇಲ್ಲ. ತನಗಾಗಿ ಒಂದು ಸಲವೂ ಹತ್ತಿರಲಿಲ್ಲ. ಎಪ್ಪತ್ತು ದಾಟಿದ ಮೈ, ಅರ್ಧ ದಾರಿಯಲ್ಲಿ ಕಂಬಿ ಹಿಡಿದು ನಿಂತು ಸುಧಾರಿಸಿಕೊಳ್ಳುತ್ತಿತ್ತು ನಿಜ. "ವಯಸ್ಸಾದ ಮೇಲೆ ಉಸಿರಿಗೂ ಸೋಮಾರಿತನ ಬರುತ್ತೆ. ಕಾಯಿಲೆ ಕರೆದವರ ಮನೆಗೆ ಹೋಗುತ್ತೆ, ನಾನು ಕರೆದಿಲ್ಲ," ಎನ್ನುತ್ತಿದ್ದಳು.

ಆ ಶುಕ್ರವಾರ ಸೊಸೆಯ ಹಿಂದೆ ಅವಳು ಮೆಟ್ಟಿಲು ಹತ್ತಿದ್ದು ಗುಬ್ಬಿಗಾಗಿ. ಗುಬ್ಬಿ ಎಂದರೆ ಮೊಮ್ಮಗಳು, ಹದಿಮೂರರ ಹುಡುಗಿ. ಹುಟ್ಟಿದಾಗ ಗುಬ್ಬಿಯಷ್ಟೇ ಇದ್ದಳು. ಹೃದಯದ ನಡುಗೋಡೆಯಲ್ಲಿ ತೂತು. ಹಾಲು ಕುಡಿಯುವಷ್ಟರಲ್ಲಿ ಹಣೆಯೆಲ್ಲ ಬೆವರಾಗುತ್ತಿತ್ತು. ಎಳೆಗೂಸಾಗಿದ್ದಾಗಲೇ ಎದೆ ತೆರೆದು ತೂತಿಗೆ ತೇಪೆ ಹಾಕಿದ್ದರು. ಆ ಗೆರೆ ಎದೆಯ ನಡುವೆ ಇನ್ನೂ ಇತ್ತು. ಬದುಕೆಲ್ಲ ಊರಿನವರ ಬಟ್ಟೆ ಹೊಲಿದ ಟೇಲರಮ್ಮ ಕನ್ನಡಕ ಏರಿಸಿಕೊಂಡು ಅದನ್ನು ಪರೀಕ್ಷಿಸಿ, "ಹೊಲಿದವನ ಕೈ ನೇರ ಇದೆ," ಎಂದು ಪಾಸು ಮಾಡಿದ್ದಳು.

ಆಮೇಲೆ ವರ್ಷಕ್ಕೊಮ್ಮೆ ಹೋಗುವುದು, "ಚೆನ್ನಾಗಿದಾಳೆ, ಎಲ್ಲರ ಹಾಗೆ ಓಡಲಿ, ಆಡಲಿ," ಎನ್ನಿಸಿಕೊಂಡು ಬರುವುದು. ಡಾಕ್ಟರು ಆಡಲಿ ಎಂದರೂ ಸೊಸೆ ಬಿಡಬೇಕಲ್ಲ. ಸೊಸೆ ಸಿಟಿ ಬಸ್ಸಿನ ಕಂಡಕ್ಟರು. ಬಾಗಿಲಲ್ಲಿ ಜೋತಾಡುವ ಜನರನ್ನು ಒಂದೇ ಕೂಗಿಗೆ ಒಳಕ್ಕೆ ತಳ್ಳುವವಳು. ಮಗಳ ವಿಷಯ ಬಂದರೆ ಮಾತ್ರ ಬಿಸಿ ಹಾಲು ಕುಡಿದ ಬೆಕ್ಕು. "ಡಾಕ್ಟರು ಬಾಯಿಮಾತಿಗೆ ಹೇಳ್ತಾರೆ, ಅತ್ತೆ. ಬಿದ್ದರೆ ಎತ್ಕೊಂಡು ಓಡೋಳು ನಾನು."

ಈ ಸಲ ಗುಬ್ಬಿ ತಾನೇ ಬಾಯಿಬಿಟ್ಟು ಸಿಕ್ಕಿಹಾಕಿಕೊಂಡಳು. ಏನಾದರೂ ತೊಂದರೆ ಇದೆಯಾ ಎಂದು ಡಾಕ್ಟರು ವಾಡಿಕೆಯಂತೆ ಕೇಳಿದ್ದಕ್ಕೆ, "ಒಂದೊಂದು ಸಲ ಎದೆಯೊಳಗೆ ಮೀನು ಪಲ್ಟಿ ಹೊಡೆದ ಹಾಗಾಗುತ್ತೆ," ಎಂದುಬಿಟ್ಟಳು. ಸೊಸೆಯ ಮುಖ ಸುಣ್ಣವಾಯಿತು.

"ಗಾಬರಿ ಬೇಡ," ಎಂದರು ಡಾಕ್ಟರು. ದಪ್ಪ ಕನ್ನಡಕದ, ಬೇಗ ಬೇಗ ಮಾತಾಡುವ ಹೆಂಗಸು. "ಒಂದು ದಿನದ ಮಟ್ಟಿಗೆ ಮಿಷನ್ ಕಟ್ಟಿ ಕಳಿಸ್ತೀವಿ. ಎದೆ ಬಡಿದದ್ದೆಲ್ಲ ಅದರಲ್ಲಿ ದಾಖಲಾಗುತ್ತೆ. ಏನಾದರೂ ಇದ್ದರೆ ಸಿಕ್ಕಿಬೀಳುತ್ತೆ."

ಮಿಷನ್ ಕಟ್ಟುವ ಕೋಣೆಯ ಗೋಡೆಗೆ ಒಂದು ಜಿರಾಫೆ ಅಂಟಿಸಿದ್ದರು. ಮಕ್ಕಳು ಕೈಗೆಟುಕುವವರೆಗೂ ಕಿತ್ತು, ಈಗ ಅದಕ್ಕೆ ಕಾಲುಗಳಿರಲಿಲ್ಲ. ಒಂದು ಮೂಲೆಯಲ್ಲಿ ತಾಯಿಯೊಬ್ಬಳು ಕೂಸನ್ನು ತಟ್ಟಿ ಮಲಗಿಸುತ್ತಿದ್ದಳು. ನಿದ್ದೆ ಬಂದರೇನೇ ಅದರ ಎದೆಯ ಸ್ಕ್ಯಾನು. ಕೂಸು ಕಣ್ಣು ಮುಚ್ಚಿದಂತೆ ಮಾಡುತ್ತಿತ್ತು, ಬಾಗಿಲು ಕಿರ್ ಎಂದರೆ ಮತ್ತೆ ಬಿಡುತ್ತಿತ್ತು. ಇನ್ನೊಂದು ಮಂಚದಲ್ಲಿ ಮೀಸೆ ಚಿಗುರಿದ ಹುಡುಗ ಮಲಗಿದ್ದ, ಮಂಚ ಸಾಲದೆ ಪಾದಗಳು ಗಾಳಿಯಲ್ಲಿದ್ದವು.

ಮಿಷನ್ ಕಟ್ಟುವ ಹುಡುಗಿ ಗುಬ್ಬಿಯ ಎದೆಯ ಮೇಲೆ ಅಲ್ಲಲ್ಲಿ ಅಂಟುಬಿಲ್ಲೆ ಹಚ್ಚಿ, ಪ್ರತಿ ಬಿಲ್ಲೆಗೂ ಒಂದೊಂದು ಬಣ್ಣದ ತಂತಿ ಒತ್ತಿದಳು. ಟಕ್, ಟಕ್ ಎಂದು ಸದ್ದಾಯಿತು.

"ಅರೆ, ಇವು ಟಿಚ್ ಬಟನ್ನು!" ಎಂದಳು ಟೇಲರಮ್ಮ. ಆಸ್ಪತ್ರೆಯಲ್ಲಿ ತನಗೆ ಗೊತ್ತಿರುವ ವಸ್ತು ಕಂಡದ್ದು ಅದೇ ಮೊದಲು.

ಹುಡುಗಿ ನಕ್ಕಳು. "ಹೌದಜ್ಜಿ, ಅದೇ ಅಂದ್ಕೊಳ್ಳಿ. ನೋಡಿ, ದಿನಾ ಹೇಗಿರ್ತಾಳೋ ಹಾಗೇ ಇರಲಿ. ಸ್ನಾನ ಮಾತ್ರ ಬೇಡ. ಯಾವುದಾದರೂ ಬಿಲ್ಲೆ ಬಿಟ್ಟುಕೊಂಡರೆ ಅದೇ ಜಾಗಕ್ಕೆ ಹೊಸದು ಅಂಟಿಸಿ." ಒಂದಷ್ಟು ಬಿಲ್ಲೆಗಳನ್ನು ಕವರಿಗೆ ಹಾಕಿ ಕೊಟ್ಟಳು. "ನಾಳೆ ಸಾಯಂಕಾಲ ತಂದುಕೊಡಿ."

ಮಾರನೆಯ ಬೆಳಗ್ಗೆ ಸೊಸೆ ಮೊದಲ ಬಸ್ಸಿಗೆ ಹೋದಳು, ಮಗ ಎಲ್ಲೋ ನಡುಮಹಡಿಯಲ್ಲಿ ನಿಂತುಹೋದ ಲಿಫ್ಟು ಬಿಡಿಸಲು ಹೋದ. ಬಾಗಿಲು ಮುಚ್ಚಿದ್ದೇ ತಡ, ಗುಬ್ಬಿ ಅಜ್ಜಿಯ ಮುಂದೆ ಬಂದು ನಿಂತಳು.

"ಅಜ್ಜಿ, ಇದನ್ನ ಬಿಚ್ಚಬೇಕು."

"ಯಾಕೆ, ಕಚ್ಚುತ್ತಾ?"

"ಇವತ್ತು ಶಾಲೇಲಿ ರಿಲೇ ಓಟ ಇದೆ."

"ನೀನು ಚಪ್ಪಾಳೆ ತಟ್ಟೋದಕ್ಕೆ ಮಿಷನ್ ಅಡ್ಡ ಬರುತ್ತಾ?"

ಗುಬ್ಬಿ ಬಾಗಿಲ ಕಡೆ ನೋಡಿ, ಅಮ್ಮ ಅಲ್ಲೇ ನಿಂತಿದ್ದಾಳೇನೋ ಎಂಬಂತೆ ದನಿ ತಗ್ಗಿಸಿದಳು. "ಚಪ್ಪಾಳೆಗಲ್ಲ. ನಾನೂ ಓಡ್ತೀನಿ. ಕೊನೆ ಸುತ್ತು ನಂದೇ."

ಟೇಲರಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ವರ್ಷದಿಂದ ಹುಡುಗಿ ಕದ್ದು ಓಡುತ್ತಿದ್ದಳು. ಸಂಜೆ ಲೈಬ್ರರಿ, ಪ್ರಾಜೆಕ್ಟು ಎಂದದ್ದೆಲ್ಲ ಮೈದಾನವೇ.

"ನಿಮ್ಮಮ್ಮನಿಗೆ ಗೊತ್ತಾದರೆ ನಿನ್ನನ್ನಲ್ಲ, ನನ್ನ ಚರ್ಮ ಸುಲೀತಾಳೆ."

"ಡಾಕ್ಟರೇ ಓಡು ಅಂದಿದಾರಲ್ಲಜ್ಜಿ! ಅಮ್ಮ ತಾನೇ ಬೇಡ ಅನ್ನೋದು. ಇದನ್ನ ನೇತಾಡಿಸ್ಕೊಂಡು ಹೋದರೆ ಎಲ್ಲರೂ ಬಾಂಬ್ ಕಟ್ಕೊಂಡು ಬಂದಿದಾಳೆ ಅಂತಾರೆ. ಸರ್ ಓಡಕ್ಕೇ ಬಿಡಲ್ಲ."

"ಬಿಚ್ಚಿ ಮೇಜಿನ ಮೇಲಿಟ್ಟು ಹೋಗು ಹಾಗಾದರೆ. ಬಂದು ಹಾಕ್ಕೋ."

"ಮೇಜಿಗೆ ಎದೆ ಬಡಿಯುತ್ತಾ? ಸೀದಾ ಗೆರೆ ಬರುತ್ತೆ. ನಾನು ಸತ್ತೇ ಹೋದೆ ಅಂದ್ಕೋತಾರೆ."

ಮಾತು ಸರಿಯಾಗಿತ್ತು. ಟೇಲರಮ್ಮ ಮಿಷನ್ನನ್ನೂ ಹುಡುಗಿಯ ಮುಖವನ್ನೂ ನೋಡಿದಳು. ಅವಳ ತಲೆ ಜೀವಮಾನವೆಲ್ಲ ಒಬ್ಬರ ಅಳತೆಯ ಬಟ್ಟೆಯನ್ನು ಇನ್ನೊಬ್ಬರಿಗೆ ಹೇಗೆ ಹೊಂದಿಸುವುದು ಎಂದೇ ಓಡಿದ ತಲೆ. ಈಗಲೂ ಅದೇ ದಾರಿ ಹಿಡಿಯಿತು.

"ಮೇಜಿಗೆ ಇಲ್ಲ. ನನಗಿದೆಯಲ್ಲ ಎದೆ."

ಹಾಗೆ ನೋಡಿದರೆ ಇದು ಮೋಸವೆಂದು ಅವಳಿಗೆ ಅನ್ನಿಸಲೇ ಇಲ್ಲ. ಹುಡುಗಿಯ ಎದೆಗೆ ತೇಪೆ ಇದೆ, ಮೀನು ಬೇರೆ ಪಲ್ಟಿ ಹೊಡೆಯುತ್ತದೆ. ತನ್ನದು ಎಪ್ಪತ್ತು ವರ್ಷ ಒಂದು ದೂರೂ ಇಲ್ಲದೆ ದುಡಿದ ಎದೆ. ಬೆಳಗಿನ ಹೊತ್ತು ಅದನ್ನು ಕೂರಿಸಿದರೆ ಗುಬ್ಬಿಗೆ ನಾಲ್ಕು ಅಂಕ ಜಾಸ್ತಿಯೇ ಬರುತ್ತದೆ. ಗುಬ್ಬಿ ತನ್ನ ಎದೆಯ ಬಿಲ್ಲೆಗಳ ಜಾಗ ನೋಡಿಕೊಂಡು ಹೊಸ ಬಿಲ್ಲೆಗಳನ್ನು ಅಜ್ಜಿಗೆ ಅಂಟಿಸಿದಳು. ಟಕ್, ಟಕ್. ಟೇಲರಮ್ಮ ರವಿಕೆಯ ಗುಂಡಿ ಹಾಕಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಪರೀಕ್ಷೆಗೆ ಕೂತವಳ ಶಿಸ್ತು. ಮೇಲಿನ ಮನೆಯವಳು ಕಸ ಉದುರಿಸಿದಾಗಲೂ ಬೈಯಲಿಲ್ಲ, ಬೈದರೆ ಎದೆ ಜೋರಾದೀತೆಂದು.

ಮಧ್ಯಾಹ್ನ ಗುಬ್ಬಿ ಮುಖವೆಲ್ಲ ಕೆಂಪಾಗಿ ಬಂದಳು. ಎರಡನೇ ಸ್ಥಾನ. ಎದೆಯೊಳಗಿನ ಮೀನು ತೆಪ್ಪಗಿತ್ತಂತೆ. ಮಿಷನ್ನು ಮತ್ತೆ ಅವಳ ಕೊರಳಿಗೆ ಹೋಯಿತು, ಸಾಯಂಕಾಲ ಆಸ್ಪತ್ರೆಗೆ ಹೋಯಿತು. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡು ಟೇಲರಮ್ಮ ರಾತ್ರಿ ಸೊಗಸಾಗಿ ನಿದ್ದೆ ಮಾಡಿದಳು.

ಮಂಗಳವಾರ ಆಸ್ಪತ್ರೆಯಿಂದ ಫೋನು ಬಂತು. ಮಗುವನ್ನು ಕರೆದುಕೊಂಡು ಇವತ್ತೇ ಬನ್ನಿ, ದೊಡ್ಡವರೆಲ್ಲ ಬಂದರೆ ಒಳ್ಳೆಯದು. ಸೊಸೆ ಡ್ಯೂಟಿಯ ನಡುವೆ ಬಸ್ಸು ಬಿಟ್ಟು ಬಂದಳು, ಕೈಯಲ್ಲಿ ಇನ್ನೂ ಟಿಕೆಟ್ ಮಿಷನ್ನು. ಮಗ ಬಂದ, ಅಂಗಿಯ ತೋಳಿನಲ್ಲಿ ಗ್ರೀಸು. ಡಾಕ್ಟರ ಕೋಣೆಯಲ್ಲಿ ಕುರ್ಚಿ ಸಾಲದೆ ಗುಬ್ಬಿ ಅಜ್ಜಿಯ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಳು.

ಡಾಕ್ಟರು ಕಂಪ್ಯೂಟರನ್ನು ಇವರ ಕಡೆ ತಿರುಗಿಸಿದರು. "ಇದು ಶುಕ್ರವಾರ ರಾತ್ರಿ. ನೋಡಿ, ಗೆರೆಗಳ ನಡುವೆ ಒಂದೇ ಅಂತರ, ಸಾಲಾಗಿ ನಿಂತ ಮಕ್ಕಳ ಹಾಗೆ. ಇದು ಶನಿವಾರ ಬೆಳಗ್ಗೆ." ಅವರು ಬೇರೆ ಗೆರೆ ತೋರಿಸಿದರು. ಟೇಲರಮ್ಮನಿಗೆ ಅದು ಕುಡಿದವನು ಹಾಕಿದ ಹೊಲಿಗೆಯಂತೆ ಕಂಡಿತು. ಒಂದು ಹೊಲಿಗೆ ಒತ್ತಾಗಿ, ಒಂದು ದೂರವಾಗಿ, ಯಾವುದಕ್ಕೂ ತಾಳವಿಲ್ಲ. "ಮಧ್ಯೆ ಸ್ವಲ್ಪ ಹೊತ್ತು ತಂತಿ ಬಿಟ್ಟುಕೊಂಡಿತ್ತು ಅನ್ಸುತ್ತೆ. ಅದಾದ ಮೇಲೆ ಮಧ್ಯಾಹ್ನದವರೆಗೂ ಹೀಗೇ ಇದೆ. ಹೃದಯದ ಮೇಲಿನ ಕೋಣೆಗಳು ಬಡಿಯೋದು ಬಿಟ್ಟು ಬರೀ ನಡುಗ್ತಾ ಇವೆ. ವಯಸ್ಸಾದವರಲ್ಲಿ ಇದು ಮಾಮೂಲಿ. ಈ ವಯಸ್ಸಿಗೆ ಅಲ್ಲ. ಚಿಕ್ಕಂದಿನಲ್ಲಿ ಆಪರೇಷನ್ ಆಗಿದೆ ಬೇರೆ, ನಾನು ಸುಮ್ಮನೆ ಬಿಡೋ ಹಾಗಿಲ್ಲ."

"ಮಿಷನ್ನೇ ತಪ್ಪು ಹೇಳಿರಬಹುದಾ ಡಾಕ್ಟ್ರೇ?" ಎಂದ ಮಗ. "ಲಿಫ್ಟಿನಲ್ಲಿ ನಮಗೂ ಸುಳ್ಳು ಅಲಾರಾಮ್ ಬರ್ತವೆ."

"ಅಷ್ಟು ಹೊತ್ತು ಸುಳ್ಳು ಹೇಳಲ್ಲ ಇದು. ಇವತ್ತೇ ಅಡ್ಮಿಟ್ ಮಾಡಿ. ರಕ್ತ ಹೆಪ್ಪುಗಟ್ಟದ ಹಾಗೆ ಔಷಧಿ ಶುರು ಮಾಡ್ತೀವಿ. ಬೇಕಾದರೆ ಕಾಲಿನ ರಕ್ತನಾಳದಿಂದ ಹೃದಯದವರೆಗೆ ತಂತಿ ಬಿಟ್ಟು ನೋಡ್ತೀವಿ. ಸದ್ಯಕ್ಕೆ ಓಟ, ಆಟ ಎಲ್ಲ ಬಂದ್."

ಸೊಸೆ ಟಿಕೆಟ್ ಮಿಷನ್ನಿನ ಗುಂಡಿಯನ್ನು ಸುಮ್ಮನೆ ಒತ್ತುತ್ತಿದ್ದಳು. ಖಾಲಿ ಕಾಗದ ಉದ್ದಕ್ಕೆ ಹೊರಬರುತ್ತಿತ್ತು.

ಶನಿವಾರ ಬೆಳಗ್ಗೆ. ಟೇಲರಮ್ಮನಿಗೆ ಅರ್ಥವಾಗಲು ತಡವಾಗಲಿಲ್ಲ. ಮೊದಲು ಬಂದದ್ದು ನೆಮ್ಮದಿ: ಇದು ಗುಬ್ಬಿಯದಲ್ಲ. ಅದರ ಬೆನ್ನಿಗೇ ಎರಡನೆಯದು ಬಂತು: ಹಾಗಾದರೆ ಇದು ಯಾರದು? ಅಷ್ಟರಲ್ಲಿ ಗುಬ್ಬಿಯ ಕಾಲ್ಬೆರಳು ಅವಳ ಚಪ್ಪಲಿಯನ್ನು ಒತ್ತಿತು. ಹೇಳಬೇಡ ಎಂಬಂತೆ. ಹೇಳಿದರೆ ರಿಲೇ ಹೋಯಿತು, ಮೈದಾನ ಹೋಯಿತು, ಇನ್ನು ಅಮ್ಮ ಶಾಲೆಯ ಗೇಟಿಗೇ ಬಂದು ಕಾಯುತ್ತಾಳೆ. ಹೇಳದಿದ್ದರೆ ಕಾಲಿನಿಂದ ಹೃದಯಕ್ಕೆ ತಂತಿ. ಇದರಲ್ಲಿ ತೂಗಿ ನೋಡುವುದೇನೂ ಇರಲಿಲ್ಲ. ಅವಳು ಚಪ್ಪಲಿಯನ್ನು ಎಳೆದುಕೊಂಡಳು.

"ಡಾಕ್ಟ್ರಮ್ಮ, ಆ ಎದೆ ಅವಳದಲ್ಲ. ನಂದು."

ಡಾಕ್ಟರು ಕೈ ಚಾಚಿ ಅವಳ ಮೊಣಕೈ ಮುಟ್ಟಿದರು. "ಗೊತ್ತಾಗುತ್ತೆ ಅಜ್ಜಿ. ಇಲ್ಲಿಗೆ ಬರೋ ಎಲ್ಲ ಅಜ್ಜಿಯರೂ ಇದನ್ನೇ ಹೇಳ್ತಾರೆ, ಮಗುವಿನ ಕಷ್ಟ ನನಗೇ ಬರಲಿ ಅಂತ."

"ಬರಲಿ ಅಂತಲ್ಲ ತಾಯಿ, ಬಂದಾಗಿದೆ. ನಂದೇ ಅದು."

"ಅಮ್ಮ, ಸುಮ್ಮನಿರಮ್ಮ," ಎಂದ ಮಗ.

"ಅತ್ತೆ, ದಮ್ಮಯ್ಯ," ಎಂದಳು ಸೊಸೆ, ಈಗ ಕಣ್ಣಲ್ಲಿ ನೀರು ಉಕ್ಕಿ. "ನಿಮ್ಮ ಪ್ರೀತಿ ನನಗೆ ಗೊತ್ತು. ಈಗ ಇಂಥಾ ಮಾತಾಡಿದರೆ ನನಗೆ ತಡ್ಕೊಳ್ಳೋಕಾಗಲ್ಲ."

ಟೇಲರಮ್ಮನಿಗೆ ಪಿತ್ತ ನೆತ್ತಿಗೇರಿತು. ಸುಳ್ಳನ್ನು ನಂಬುವ ಜನ ನಿಜ ಹೇಳಿದರೆ ಅಳುತ್ತಾರಲ್ಲ! "ಪ್ರೀತಿನೂ ಇಲ್ಲ, ಮಣ್ಣೂ ಇಲ್ಲ. ನಾನು ಪುರಾಣ ಹೇಳ್ತಿಲ್ಲ ಕಣೇ! ಶನಿವಾರ ಬೆಳಗ್ಗೆ ಆ ಮಿಷನ್ನು ನನ್ನ ಮೈಮೇಲಿತ್ತು. ಟಿಚ್ ಬಟನ್ನು ಬಿಚ್ಚಿ ನಾನು ಹಾಕ್ಕೊಂಡೆ. ಇವಳು ಹೊರಗಡೆ ಹೋಗಿದ್ದಳು. ಗುಬ್ಬಿ, ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ? ಹೇಳೇ!"

ಗುಬ್ಬಿ ನೆಲ ನೋಡುತ್ತ, "ಹೂಂ," ಎಂದಳು.

"ಮಗೂನ ಯಾಕೆ ಎಳೀತೀರಿ ಅತ್ತೆ," ಎಂದಳು ಸೊಸೆ. ಇನ್ನೂ ನಂಬಿರಲಿಲ್ಲ.

ಟೇಲರಮ್ಮ ಎದ್ದು ಡಾಕ್ಟರ ಮೇಜಿನ ಮೇಲೆ ತನ್ನ ಕೈ ಚಾಚಿದಳು, ಬಳೆಯಂಗಡಿಯಲ್ಲಿ ಅಳತೆ ಕೊಡುವವಳಂತೆ. "ಹಿಡಿದು ನೋಡಿ."

ಡಾಕ್ಟರು ಮುದುಕಿಯ ಮನಸ್ಸು ಯಾಕೆ ನೋಯಿಸುವುದು ಎಂದು ಹಿಡಿದರು. ಅಷ್ಟರಲ್ಲೇ ಬಿಡಬೇಕೆಂದಿದ್ದ ಬೆರಳುಗಳು ಬಿಡಲಿಲ್ಲ. ಅವರು ಗೋಡೆಯ ಗಡಿಯಾರ ನೋಡಿದರು, ಮತ್ತೆ ಬೆರಳುಗಳನ್ನು ಸರಿಯಾಗಿ ಊರಿದರು. ಕನ್ನಡಕದ ಹಿಂದೆ ಹುಬ್ಬು ಮೇಲೇರಿತು.

"ಅಜ್ಜಿ, ನೀವು ಮಂಚದ ಮೇಲೆ ಮಲಗಿ. ಈಗಲೇ."

ಎಲ್ಲರೂ ಮಿಷನ್ ಕಟ್ಟುವ ಕೋಣೆಗೆ ಹೋದರು, ಮಿಷನ್ ಹುಡುಗಿ ಓಡಿ ಬಂದಳು. ಕಾಲಿಲ್ಲದ ಜಿರಾಫೆಯ ಕೆಳಗೆ, ಕೂಸುಗಳ ಮಂಚದ ಮೇಲೆ ಟೇಲರಮ್ಮ ಮಂಡಿ ಮಡಚಿ ಮಲಗಿದಳು. ಅಲ್ಲಿದ್ದ ಬಿಲ್ಲೆಗಳೆಲ್ಲ ಮಕ್ಕಳವು, ಒಂದೊಂದರ ಮೇಲೂ ಕರಡಿಮರಿ. ಹುಡುಗಿ ರವಿಕೆಯ ಗುಂಡಿ ಬಿಚ್ಚಿದಾಗ ಎದೆಯ ಮೇಲೆ ಶನಿವಾರದ ಬಿಲ್ಲೆಗಳ ಗುಂಡು ಗುರುತುಗಳು ಕೆಂಪಗೆ, ಇನ್ನೂ ಮಾಸದೆ ಕೂತಿದ್ದವು. ಹುಡುಗಿ ಅವನ್ನು ನೋಡಿ ತುಟಿ ಕಚ್ಚಿದಳು. ಮಿಷನ್ನಿನಿಂದ ಕಾಗದ ಹೊರಬಂತು. ಕುಡಿದವನ ಹೊಲಿಗೆ, ಅದೇ, ತಪ್ಪದೆ.

ಡಾಕ್ಟರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಕ್ಕರು. ಡಾಕ್ಟರು ನಗುವಂತಿಲ್ಲ ಎಂದು ನೆನಪಾಗಿ ನಿಲ್ಲಿಸಿದರು, ತಡೆಯಲಾಗದೆ ಮತ್ತೆ ನಕ್ಕರು. "ಮಗುವಿನದಲ್ಲ," ಎಂದರು ಸೊಸೆಗೆ. "ಇದು ನಿಮ್ಮ ಅತ್ತೆಯದು. ಮಗುವಿನದು ಅಂತ ಇರೋದರಲ್ಲಿ ಅಲ್ಲೊಂದು ಇಲ್ಲೊಂದು ಹೆಚ್ಚುವರಿ ಬಡಿತ ಇದೆ, ಅದೇ ಅವಳ ಮೀನು. ಅದು ನಮಗೆ ನಿಮಗೆ ಎಲ್ಲರಿಗೂ ಆಗುತ್ತೆ."

ಸೊಸೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಯೂನಿಫಾರ್ಮು ಕೊಳೆಯಾಗುತ್ತದೆಂಬ ಎಗ್ಗಿಲ್ಲ. ಒಂದು ದೊಡ್ಡ ಉಸಿರು ಬಿಟ್ಟಳು, ಇನ್ನೊಂದು ಬಿಟ್ಟಳು, ಮೂರನೆಯದರ ಹೊತ್ತಿಗೆ ದನಿ ವಾಪಸ್ಸು ಬಂದಿತ್ತು, ಬಸ್ಸಿನ ದನಿ.

"ಅತ್ತೆ! ನಿಮಗೆ ಬುದ್ಧಿ ಅನ್ನೋದು ಇದೆಯೋ, ಇಲ್ಲ ಅದನ್ನೂ ಹೊಲಿದು ಯಾರಿಗಾದರೂ ಕೊಟ್ಟಿರೋ? ಆಸ್ಪತ್ರೆ ಮಿಷನ್ನು ಅಂದರೆ ಬಾಡಿಗೆ ಕೋಟು ಅಂದ್ಕೊಂಡಿರಾ, ಅವರು ಬಿಚ್ಚಿದರೆ ಇವರು ಹಾಕ್ಕೊಳ್ಳೋಕೆ? ಇನ್ನೊಂದು ಗಳಿಗೆ ಆಗಿದ್ದರೆ ನನ್ನ ಜೀವಾನೇ ಹೋಗ್ತಿತ್ತು!"

"ಹೋಗಿಲ್ಲವಲ್ಲ," ಎಂದಳು ಟೇಲರಮ್ಮ ಮಲಗಿದಲ್ಲಿಂದಲೇ. "ಕೂಗೋಕೆ ಇಷ್ಟು ಉಸಿರಿದೆ."

ಮಗ ಗೋಡೆಯ ಕಡೆ ತಿರುಗಿ ನಗುತ್ತಿದ್ದ. ಪಕ್ಕದ ಮೂಲೆಯಲ್ಲಿ ಯಾರದೋ ಕೂಸು ಆಗಷ್ಟೇ ಮಲಗಿದ್ದು ಎದ್ದು ಚೀರಿತು.

"ಹೊರಗಡೆ ಹೋಗಿದ್ದಳು ಅಂದರಲ್ಲ, ಎಲ್ಲಿಗೆ?" ಎಂದಳು ಸೊಸೆ, ತಟ್ಟನೆ.

ಗುಬ್ಬಿ ತಾನೇ ಹೇಳಿದಳು. ರಿಲೇ, ಕೊನೆಯ ಸುತ್ತು, ಎರಡನೇ ಸ್ಥಾನ, ಒಂದು ವರ್ಷದ ಲೈಬ್ರರಿ. ಸೊಸೆ ಕೇಳುತ್ತ ಕೇಳುತ್ತ ಕೆಂಪಾದಳು. ಕೈ ಎತ್ತುತ್ತಾಳೇನೋ ಎಂದು ಟೇಲರಮ್ಮ ಮಂಚದಿಂದ ಇಳಿಯಲು ನೋಡಿದಳು.

ಡಾಕ್ಟರು ನಡುವೆ ಬಂದರು. "ಒಂದು ವರ್ಷದಿಂದ ಓಡ್ತಿದೀಯಾ? ತಲೆ ಸುತ್ತು? ಎದೆನೋವು?"

"ಇಲ್ಲ. ಮೀನು ಕೂಡ ಸುಮ್ಮನೆ ಕೂತಾಗಲೇ ಬರೋದು. ಓಡುವಾಗ ಬರಲ್ಲ."

"ಇದನ್ನ ಶುಕ್ರವಾರವೇ ಹೇಳಿದ್ದರೆ ಅರ್ಧ ಕೆಲಸ ಮುಗೀತಿತ್ತು," ಎಂದರು ಡಾಕ್ಟರು. ಸೊಸೆಯ ಕಡೆ ತಿರುಗಿದರು. "ನಾನು ಓಡಲಿ ಅಂತ ಪ್ರತಿ ವರ್ಷ ಹೇಳ್ತಿದ್ದದ್ದು ತಮಾಷೆಗಲ್ಲಮ್ಮ. ಆದರೆ ಓಡುವಾಗಿನ ದಾಖಲೆಯೇ ನಮಗೆ ಸಿಗಲಿಲ್ಲ, ಆಗ ಮಿಷನ್ನು ಅಜ್ಜಿ ಹತ್ತಿರ ಇತ್ತು. ಇನ್ನೊಂದು ಸಲ ಕಟ್ಟೋಣ. ಈ ಸಲ ಚೆನ್ನಾಗಿ ಓಡಿಸಿ. ಅದು ಸರಿಯಾಗಿದ್ದರೆ ಈ ವಿಷಯ ಇಲ್ಲಿಗೆ ಮುಗೀತು." ಆಮೇಲೆ ಟೇಲರಮ್ಮನಿಗೆ: "ನಿಮ್ಮದು ಈಗ ಶುರುವಾಯ್ತು. ಕೆಳಗಿನ ಮಹಡಿ, ದೊಡ್ಡವರ ವಿಭಾಗ. ಇವತ್ತೇ ಹೋಗಬೇಕು. ಹೀಗೇ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟಿ ಒಂದು ದಿನ ಮಿದುಳಿಗೆ ಹೋಗ್ತಿತ್ತು, ಕೈಕಾಲು ಬಿದ್ದುಹೋಗ್ತಿತ್ತು. ಔಷಧಿ ಇದೆ, ಹೆದರಬೇಡಿ."

"ನನಗೇನೂ ಆಗ್ತಾನೇ ಇರಲಿಲ್ಲವಲ್ಲ."

"ಮೆಟ್ಟಿಲು ಹತ್ತಿದರೆ?"

ಟೇಲರಮ್ಮನಿಗೆ ಅರ್ಧ ದಾರಿಯ ಕಂಬಿ ನೆನಪಾಯಿತು. ಬಾಳೆಲ್ಲ ನಂಬಿದ ಎದೆ ಮೂಗಿನ ಕೆಳಗೇ ಹೀಗೆ ಅಡ್ಡಾದಿಡ್ಡಿ ಹೊಲಿಯುತ್ತಿತ್ತಲ್ಲ ಎಂದು ಅವಮಾನವಾಯಿತು. ಭಯವೂ ಆಯಿತು, ಆದರೆ ಅದು ಎಷ್ಟು ಸಣ್ಣದು! ಕೆಲವು ನಿಮಿಷಗಳ ಹಿಂದೆ ಗುಬ್ಬಿಯ ಹೆಸರಿನಲ್ಲಿ ಪಟ್ಟ ಭಯದ ಮುಂದೆ ಇದು ತೊಳೆದರೆ ಹೋಗುವ ಕಲೆ. ಗುಳಿಗೆ ತಾನೆ, ನುಂಗಿದರಾಯಿತು.

ಎರಡನೇ ಸಲ ಮಿಷನ್ನು ಕಟ್ಟಿದ ದಿನ ಸೊಸೆ ರಜೆ ಹಾಕಿ ಮೈದಾನಕ್ಕೆ ತಾನೇ ಹೋದಳು. ಟೇಲರಮ್ಮನೂ ಹೋದಳು, ನಿಧಾನವಾಗಿ, ಮಗನ ತೋಳು ಹಿಡಿದು. ಮೊದಲ ಸುತ್ತಿಗೆ ಸೊಸೆ ಕಣ್ಣು ಮುಚ್ಚಿಕೊಂಡಿದ್ದಳು. ಎರಡನೆಯದಕ್ಕೆ ಬೆರಳ ಸಂದಿಯಿಂದ ನೋಡಿದಳು. ಹುಡುಗಿ ಅಂಗಿಯ ಮೇಲೆ ಬಿಗಿದ ಮಿಷನ್ನಿನೊಂದಿಗೆ ತಿರುವಿನಲ್ಲಿ ಮುಂದಿದ್ದವಳನ್ನು ಹಿಂದೆ ಹಾಕುತ್ತಿದ್ದಳು. "ಯಾರ ಕಾಲು ಬಂತೋ ಇವಳಿಗೆ," ಎಂದಳು ಸೊಸೆ, ತನ್ನಷ್ಟಕ್ಕೆ. ಮೂರನೇ ಸುತ್ತಿಗೆ ಅವಳ ಕೂಗಿಗೆ ಮೈದಾನದ ಆಚೆ ನಿಂತಿದ್ದವರೂ ತಿರುಗಿ ನೋಡಿದರು.

ಫಲಿತಾಂಶ ಬಂದದ್ದು ಬಸ್ಸಿನಲ್ಲಿ. ಟೇಲರಮ್ಮ ದೊಡ್ಡವರ ವಿಭಾಗದಲ್ಲಿ ರಕ್ತ ಪರೀಕ್ಷೆ ಮುಗಿಸಿ ಸೊಸೆಯ ಬಸ್ಸಿನಲ್ಲೇ ಮನೆಗೆ ಬರುತ್ತಿದ್ದಳು, ಡ್ರೈವರ್ ಹಿಂದಿನ ಸೀಟು. ಜನ ಕಿಕ್ಕಿರಿದಿದ್ದರು. ಸೊಸೆ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಫೋನು ಕಿವಿಗಿಟ್ಟುಕೊಂಡಳು. "ಹೂಂ ಡಾಕ್ಟ್ರೇ... ಹೂಂ... ಓಡುವಾಗಲೂನಾ? ... ಎಲ್ಲಾ ಸರೀನಾ? ... ಮುಂದಿನ ವರ್ಷವೇ ಬಂದರೆ ಸಾಕಾ?"

ಫೋನು ಕೆಳಗಿಳಿಸಿದಳು. ಅತ್ತೆಯ ಕಡೆ ನೋಡಿ ತಲೆಯಾಡಿಸಿದಳು, ಅಷ್ಟೇ. ಆಮೇಲೆ ಜನರ ನಡುವೆ ನುಗ್ಗಿಕೊಂಡು ಬಂದು ಅತ್ತೆಯ ಪಕ್ಕದ ಚೂರು ಜಾಗದಲ್ಲಿ ಕೂತಳು. ಡ್ಯೂಟಿಯಲ್ಲಿ ಕೂರುವವಳಲ್ಲ ಅವಳು.

"ಟಿಕೆಟ್ ಕೊಡ್ರೀ ಮೇಡಂ!" ಎಂದು ಯಾರೋ ಹಿಂದಿನಿಂದ ಕೂಗಿದರು.

"ಕೊಡ್ತೀನಿ ಕಣಪ್ಪ, ಎಲ್ಲಿಗೂ ಓಡಿಹೋಗಲ್ಲ," ಎಂದಳು ಸೊಸೆ. ಏಳಲಿಲ್ಲ.

ಬಸ್ಸು ಒಂದು ನಿಲ್ದಾಣ ದಾಟಿತು, ಇನ್ನೊಂದು ದಾಟಿತು. ಟೇಲರಮ್ಮ ಕಿಟಕಿಯ ಆಚೆ ನೋಡುತ್ತಿದ್ದಳು, ಏನೂ ಯೋಚಿಸದೆ. ಅವಳು ಇಳಿಯಬೇಕಾದ ಜಾಗ ಯಾವಾಗಲೋ ಹಿಂದೆ ಸರಿದಿತ್ತು. ಅದು ಅವಳಿಗೂ ಗೊತ್ತಾಗಲಿಲ್ಲ, ಜಾಗದ ಹೆಸರು ಕೂಗಬೇಕಾದವಳಿಗೂ ಗೊತ್ತಾಗಲಿಲ್ಲ.